ಲಿನಕ್ಸ್ ಡೆಸ್ಕ್‌ಟಾಪ್: ಅಳವಡಿಕೆ ಮತ್ತು ಬಳಕೆಯ ಇತಿಹಾಸ

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದ್ದು ವ್ಯವಸ್ಥೆಯ ತಿರುಳಾದ ಕರ್ನಲ್ ಒಂದನ್ನೇ. ಅದರ ಜೊತೆಗೆ ಗ್ನೂ ಯೋಜನೆಯ ಸಾಧನಗಳು, ಕಿಟಕಿಗಳನ್ನು ತೋರಿಸುವ ಎಕ್ಸ್ ವ್ಯವಸ್ಥೆ, ಸಂಪಾದಕ ತಂತ್ರಾಂಶಗಳು ಎಲ್ಲವನ್ನೂ ಕಟ್ಟಿಕೊಡುವ ಡಿಸ್ಟ್ರಿಬ್ಯೂಷನ್‌ಗಳು 1992ರಿಂದ ಹುಟ್ಟಿದವು. ಸ್ಲ್ಯಾಕ್‌ವೇರ್, ಡೆಬಿಯನ್ ಎರಡೂ 1993ರವು. ಅಲ್ಲಿಂದ ಇಲ್ಲಿಯವರೆಗಿನ ಬಳಕೆದಾರರ ಅನುಭವವನ್ನು, ಕಷ್ಟವಾಗಿದ್ದ ತಂತ್ರಾಂಶ ಕ್ರಮೇಣ ಸುಲಭವಾದ ಕಥೆಯಾಗಿ ಹೇಳುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಜನ ಎಲ್ಲೆಲ್ಲಿ ಎಡವಿದರು ಎಂಬುದನ್ನು ದಶಕದಿಂದ ದಶಕಕ್ಕೆ ಗಮನಿಸಿದರೆ ಬೇರೊಂದು ಸಂಗತಿ ಕಾಣುತ್ತದೆ. ಯಂತ್ರದ ಅಥವಾ ಕಡತದ ಒಳವಿವರ ಎಲ್ಲರಿಗೂ ತೆರೆದಿದ್ದ ಕಡೆ ತೊಡಕುಗಳು ಬಗೆಹರಿದವು. ಅದನ್ನು ಮುಚ್ಚಿಟ್ಟ ಕಡೆ ಅದರ ದಂಡವನ್ನು ಬಳಕೆದಾರರೇ ತೆತ್ತರು.

ಮೊದಲ ವರ್ಷಗಳ ಅಳವಡಿಕೆ ನಿಜಕ್ಕೂ ದಣಿಸುವ ಕೆಲಸವಾಗಿತ್ತು. ಹತ್ತಾರು ಫ್ಲಾಪಿಗಳನ್ನು ಸರದಿಯಂತೆ ಹಾಕಬೇಕು, ಅವುಗಳಲ್ಲಿ ಒಂದು ಕೆಟ್ಟಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹಾರ್ಡ್ ಡಿಸ್ಕನ್ನು ಕೈಯಾರೆ ಪಾರ್ಟಿಷನ್ ಮಾಡಬೇಕು. ಅಲ್ಲಿ ಲೆಕ್ಕ ತಪ್ಪಿದರೆ ವಿಂಡೋಸ್ ಮತ್ತು ಅದರಲ್ಲಿದ್ದ ಕಡತಗಳು ಒಟ್ಟಿಗೇ ಹೋಗುತ್ತಿದ್ದವು. ಇವೆಲ್ಲಕ್ಕಿಂತ ಕಠಿಣವಾದದ್ದು ಪರದೆಯ ಮೇಲೆ ಚಿತ್ರ ಮೂಡಿಸುವುದು. ಎಕ್ಸ್‌ಫ್ರೀ86 ಎಂಬ ತಂತ್ರಾಂಶಕ್ಕೆ ಮಾನಿಟರಿನ ಅಡ್ಡ ಮತ್ತು ಲಂಬ ಆವರ್ತನಗಳ ಮಿತಿಯನ್ನೂ ವಿಡಿಯೊ ಕಾರ್ಡಿನ ಚಿಪ್ ಯಾವುದೆಂಬುದನ್ನೂ ಬಳಕೆದಾರರೇ ಒಂದು ಕಡತದಲ್ಲಿ ಬರೆದುಕೊಡಬೇಕಿತ್ತು. ಮಾನಿಟರಿನ ಕೈಪಿಡಿ ಕಳೆದುಹೋಗಿದ್ದವರು ಅಂದಾಜಿನ ಮೇಲೆ ಅಂಕಿ ತುಂಬುತ್ತಿದ್ದರು. ತಪ್ಪು ಅಂಕಿಯಿಂದ ಮಾನಿಟರೇ ಹಾಳಾಗಬಹುದು ಎಂಬ ಎಚ್ಚರಿಕೆ ಅದರ ಸೂಚನೆಗಳಲ್ಲೇ ಇತ್ತು. ಮಾನಿಟರುಗಳು ತಮ್ಮ ವಿವರವನ್ನು ತಾವೇ ಕಂಪ್ಯೂಟರಿಗೆ ತಿಳಿಸುವ ಸಾರ್ವಜನಿಕ ಮಾನದಂಡ ಬಳಕೆಗೆ ಬಂದ ಮೇಲೆ ಈ ಇಡೀ ಹಂತ ಕಣ್ಮರೆಯಾಯಿತು. ಬಳಕೆದಾರರು ಜಾಣರಾದದ್ದು ಇದಕ್ಕೆ ಕಾರಣವಲ್ಲ, ಅವರ ಮೇಲಿದ್ದ ಮಾಹಿತಿಯ ಹೊರೆ ಇಳಿದದ್ದು ಕಾರಣ.

ಅಳವಡಿಕೆಯ ಹೊರನೋಟ ಬದಲಾದದ್ದು ಬಹಳ ಬೇಗ. 1996ರಲ್ಲಿ ಮಥಿಯಾಸ್ ಎಟ್ರಿಕ್ ಕೆಡಿಇ ಡೆಸ್ಕ್‌ಟಾಪ್ ಯೋಜನೆಯನ್ನೂ 1997ರಲ್ಲಿ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಯೋಜನೆಯನ್ನೂ ಆರಂಭಿಸಿದರು. 1998ರ ಮ್ಯಾಂಡ್ರೇಕ್ ಡಿಸ್ಟ್ರಿಬ್ಯೂಷನ್, ರೆಡ್ ಹ್ಯಾಟ್‌ನ ತಳಹದಿಯ ಮೇಲೆ ಕೆಡಿಇಯನ್ನು ಜೋಡಿಸಿಕೊಟ್ಟಿತು. 1999ರ ಕಾಲ್ಡೆರಾ ಓಪನ್‌ಲಿನಕ್ಸ್ ಕಡತಗಳು ನಕಲಾಗುವಷ್ಟು ಹೊತ್ತು ಆಡಲು ಟೆಟ್ರಿಸ್ ಕೊಟ್ಟಿತು. 2000ದಲ್ಲಿ ಕ್ಲೌಸ್ ಕ್ನಾಪರ್ ರೂಪಿಸಿದ ಕ್ನಾಪಿಕ್ಸ್, ಸಿಡಿಯಿಂದಲೇ ಪೂರ್ತಿ ಡೆಸ್ಕ್‌ಟಾಪನ್ನು ನಡೆಸಿತು. ನನ್ನ ದೃಷ್ಟಿಯಲ್ಲಿ ಈ ಕಾಲದ ಅತಿ ಮುಖ್ಯ ಹೆಜ್ಜೆ ಇದೇ. ಏಕೆಂದರೆ ಡಿಸ್ಕನ್ನು ಮುಟ್ಟುವ ಮೊದಲೇ ತನ್ನ ಯಂತ್ರದಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂದು ನೋಡಿಕೊಳ್ಳುವ ಅವಕಾಶ ಜನರಿಗೆ ಸಿಕ್ಕಿತು. ಅಕ್ಟೋಬರ್ 2004ರಲ್ಲಿ ಮೊದಲ ಉಬುಂಟು ಬಂತು, 2006ರಲ್ಲಿ ಲೈವ್ ಸಿಡಿಯೊಳಗಿಂದಲೇ ಇನ್‌ಸ್ಟಾಲ್ ಮಾಡುವ ಸೌಲಭ್ಯವೂ ಸೇರಿತು. ಉಬುಂಟು ಕೇಳಿದವರಿಗೆಲ್ಲ ಅಂಚೆಯಲ್ಲಿ ಉಚಿತವಾಗಿ ಸಿಡಿ ಕಳಿಸುತ್ತಿತ್ತು. ಇಂಟರ್‌ನೆಟ್ ನಿಧಾನವಾಗಿದ್ದ ಭಾರತದಂಥ ಕಡೆ ಅದು ಸಣ್ಣ ಉಪಕಾರವಲ್ಲ. ಅದಕ್ಕೂ ಮೊದಲು, 1990ರ ದಶಕದಲ್ಲೇ, ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿಗಳನ್ನು ತನ್ನ ಸಂಚಿಕೆಯೊಂದಿಗೆ ಹಂಚಿತ್ತು.

ಆದರೂ ಅದೇ ಹೊತ್ತಿಗೆ, ಎಲ್ಲ ಹಂತಗಳೂ ಸಲೀಸಾಗಿ ಮುಗಿದ ಮೇಲೆ ಇಂಟರ್‌ನೆಟ್ಟೇ ಬಾರದ ಕಂಪ್ಯೂಟರಿನ ಮುಂದೆ ಜನ ಕೂರುತ್ತಿದ್ದರು. ಅಗ್ಗದ ಡಯಲ್-ಅಪ್ ಮೋಡೆಮ್‌ಗಳು ತಮ್ಮ ಕೆಲಸದ ಬಹುಪಾಲನ್ನು ವಿಂಡೋಸ್‌ಗಾಗಿ ಬರೆದ ಡ್ರೈವರಿಗೆ ಬಿಟ್ಟಿದ್ದವು. ಆ ಡ್ರೈವರಿನ ಮೂಲವನ್ನು ತಯಾರಕರು ಕೊಡಲಿಲ್ಲ. ಬಳಿಕ ಬಂದ ವೈಫೈ ಕಾರ್ಡುಗಳದೂ ಇದೇ ಹಾಡು. ಬ್ರಾಡ್‌ಕಾಮ್ ಚಿಪ್ ಇದ್ದವರು ಎನ್‌ಡಿಐಎಸ್‌ರ‍್ಯಾಪರ್ ಎಂಬ ಸಾಧನದಿಂದ, ಕಾರ್ಡಿನ ಜೊತೆಗೆ ಬಂದ ಸಿಡಿಯಲ್ಲಿದ್ದ ವಿಂಡೋಸ್ ಡ್ರೈವರನ್ನೇ ತೆಗೆದು ಲಿನಕ್ಸ್‌ನೊಳಗೆ ಓಡಿಸಬೇಕಿತ್ತು. ಆ ಸಾಧನವನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಬೇಕಾದರೆ ಆ ಸಾಧನ ಬೇಕು. ಹೀಗಾಗಿ ಇನ್ನೊಂದು ಕಂಪ್ಯೂಟರ್ ಇಲ್ಲದವರು ಅಲ್ಲಿಗೇ ಕೈಬಿಟ್ಟರು. ಇತ್ತ ಸ್ವಯಂಸೇವಕರು ಚಿಪ್ಪಿನ ನಡವಳಿಕೆಯನ್ನು ಹೊರಗಿನಿಂದ ಗಮನಿಸಿ ಡ್ರೈವರ್ ಬರೆದರು. 2010ರಲ್ಲಿ ಕಂಪನಿಯೇ ಹೊಸ ಚಿಪ್‌ಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು. ಗ್ರಾಫಿಕ್ಸ್‌ನಲ್ಲಿಯೂ ಎಎಂಡಿ 2007ರಿಂದ ತನ್ನ ಚಿಪ್‌ಗಳ ದಾಖಲೆಗಳನ್ನು ಪ್ರಕಟಿಸಿತು, ಎನ್‌ವಿಡಿಯಾ ಕರ್ನಲ್ ಭಾಗವನ್ನು ತೆರೆದದ್ದು 2022ರಲ್ಲಿ. ಈ ನಡುವಿನ 15 ವರ್ಷಗಳಲ್ಲಿ ಕರ್ನಲ್ ಅಪ್‌ಡೇಟ್ ಆದ ಮರುದಿನ ಕಪ್ಪು ಪರದೆ ಕಂಡವರ ದೂರು ಹೆಚ್ಚಾಗಿ ಯಾವ ಕಾರ್ಡಿನ ಬಗ್ಗೆ ಇತ್ತು ಎಂಬುದು ಬಳಕೆದಾರರ ವಲಯದಲ್ಲಿ ಎಲ್ಲರಿಗೂ ಗೊತ್ತು.

ತಪ್ಪನ್ನೆಲ್ಲ ಹಾರ್ಡ್‌ವೇರ್ ಕಂಪನಿಗಳ ಮೇಲೆ ಹೊರಿಸುವುದು ಸರಿಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಮುಕ್ತ ತಂತ್ರಾಂಶದ ಪ್ರಬಲ ವಕ್ತಾರ ಎರಿಕ್ ರೇಮಂಡ್ ಅವರೇ 2004ರಲ್ಲಿ, ನೆಟ್‌ವರ್ಕ್ ಪ್ರಿಂಟರ್ ಒಂದನ್ನು ಜೋಡಿಸಲು ತಾವು ಪಟ್ಟ ಪಾಡನ್ನು ಬರೆದು ತಮ್ಮವರ ಅಲಕ್ಷ್ಯವನ್ನು ಖಂಡಿಸಿದರು. 2011ರ ಗ್ನೋಮ್ 3 ಮತ್ತು ಉಬುಂಟುವಿನ ಯೂನಿಟಿ, ಜನರ ಕೈಗೆ ಒಗ್ಗಿದ್ದ ಮೆನು ಮತ್ತು ಪಟ್ಟಿಗಳನ್ನು ಒಮ್ಮೆಲೇ ತೆಗೆದುಹಾಕಿದವು. ಅಲ್ಲಿ ದೋಷ ಸಂಪೂರ್ಣವಾಗಿ ವಿನ್ಯಾಸಕಾರರದು. ಆದರೆ ಮುಂದೆ ಏನಾಯಿತು ಎಂಬುದೂ ಮುಖ್ಯ. ಅಸಮಾಧಾನಗೊಂಡವರು ಹಳೆಯ ಗ್ನೋಮ್‌ನ ಕೋಡನ್ನೇ ಎತ್ತಿಕೊಂಡು ಮಾಟೆಯನ್ನು ಬೆಳೆಸಿದರು, ಲಿನಕ್ಸ್ ಮಿಂಟ್ ತಂಡ ಸಿನಮನ್ ಕಟ್ಟಿತು, ಒಂದೆರಡು ವರ್ಷದಲ್ಲೇ ಬೇಕಾದವರಿಗೆ ಬೇಕಾದದ್ದು ಸಿಕ್ಕಿತು. ವೈಫೈಗಾಗಿ ಕಾದಷ್ಟು ಕಾಲ ಮೆನುವಿಗಾಗಿ ಯಾರೂ ಕಾಯಬೇಕಾಗಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ವಿಂಡೋಸ್ ಬಳಸುವ ಬಹುತೇಕರು ಅದನ್ನು ಎಂದೂ ಇನ್‌ಸ್ಟಾಲ್ ಮಾಡಿದವರಲ್ಲ, ಅಂಗಡಿಯಿಂದಲೇ ಅದು ತುಂಬಿಕೊಂಡು ಬಂದಿರುತ್ತದೆ. ಹಾಗಾದರೆ ಲಿನಕ್ಸ್ ತುಂಬಿಕೊಂಡೇ ಬಂದ ಯಂತ್ರಗಳು ಗೆಲ್ಲಬೇಕಿತ್ತಲ್ಲ? 2007ರ ಏಸಸ್ ‘ಈ ಪಿಸಿ’ ಅಂಥದ್ದು. ವೈಫೈ, ಕ್ಯಾಮೆರಾ, ಪರದೆ ಎಲ್ಲವನ್ನೂ ತಯಾರಕರೇ ಹೊಂದಿಸಿ ಕೊಟ್ಟಿದ್ದರು. ಆದರೂ 2008ರಲ್ಲಿ ಮೈಕ್ರೊಸಾಫ್ಟ್ ಇಂಥ ಪುಟ್ಟ ಯಂತ್ರಗಳಿಗಾಗಿ ವಿಂಡೋಸ್ ಎಕ್ಸ್‌ಪಿಯ ಆಯುಷ್ಯವನ್ನು ವಿಸ್ತರಿಸಿದ ಮೇಲೆ ಲಿನಕ್ಸ್ ಮಾದರಿಗಳು ಬೇಗನೆ ಬದಿಗೆ ಸರಿದವು. ಮ್ಯೂನಿಕ್ ನಗರಾಡಳಿತ 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಅಂದರೆ ಡ್ರೈವರ್ ಸರಿಯಿದ್ದ ಮಾತ್ರಕ್ಕೆ ಸಾಲದು ಎಂದು ಒಪ್ಪಲೇಬೇಕು. ಆದರೆ ಈ ಎರಡೂ ಕಡೆ ಜನ ತಡವರಿಸಿದ ಸ್ಥಳ ನೋಡಿ: ತಮ್ಮ ಅಭ್ಯಾಸದ ತಂತ್ರಾಂಶ ಇಲ್ಲಿ ಓಡುವುದಿಲ್ಲ, ಹೊರಗಿನಿಂದ ಬಂದ ಆಫೀಸ್ ಕಡತ ತೆರೆದರೆ ಪುಟವಿನ್ಯಾಸ ಕೆಡುತ್ತದೆ. ಬೀಗ ಚಿಪ್ಪಿನಿಂದ ಕಡತಕ್ಕೆ ಸ್ಥಳ ಬದಲಿಸಿತ್ತು, ಅಷ್ಟೇ.

ಕನ್ನಡದ ಅನುಭವ ಈ ವಾದಕ್ಕೆ ಸ್ಪಷ್ಟವಾದ ಸಾಕ್ಷಿ. ‘ಸ್ತ್ರೀ’ ಎಂಬ ಪದ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲು. ಪರದೆಯ ಮೇಲೆ ಅದು ಗುಣಿತ, ಒತ್ತಕ್ಷರಗಳೊಂದಿಗೆ ಒಂದೇ ಅಕ್ಷರವಾಗಿ ಕೂಡಬೇಕು. 2000ದ ದಶಕದ ಆರಂಭದಲ್ಲಿ ಅದು ಚೂರುಚೂರಾಗಿ ಕಾಣುತ್ತಿತ್ತು, ಬೇರೆ ಪದಗಳಲ್ಲಿ ಅರ್ಕಾವತ್ತು ತಪ್ಪು ಜಾಗಕ್ಕೆ ಹೋಗುತ್ತಿತ್ತು. ಆದರೆ ಯೂನಿಕೋಡ್ ಮತ್ತು ಓಪನ್‌ಟೈಪ್ ನಿಯಮಗಳು ಎಲ್ಲರಿಗೂ ಲಭ್ಯವಿದ್ದವು. ಪ್ಯಾಂಗೊ, ಬಳಿಕ ಹಾರ್ಫ್‌ಬಜ್ ತಂತ್ರಾಂಶಗಳು ಅಕ್ಷರಜೋಡಣೆಯನ್ನು ತಿದ್ದಿದವು, ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಮುಕ್ತವಾಗಿ ಬಂದವು, ಸ್ವಯಂಸೇವಕರು ಗ್ನೋಮ್ ಮತ್ತು ಕೆಡಿಇಗಳನ್ನು ಕನ್ನಡಕ್ಕೆ ತಂದರು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನಲ್ಲಿ ದೊರೆತಿದ್ದರಿಂದ ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾಗಲಿಲ್ಲ. ಉಳಿದ ಕಗ್ಗಂಟು, ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಸಂಕೇತದಲ್ಲಿ ಟೈಪಾದ ಸಾವಿರಾರು ಕಡತಗಳದು. ಫಾಂಟ್ ಇಲ್ಲದೆ ತೆರೆದರೆ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಸರ್ಕಾರಿ ಕಚೇರಿಯಿಂದಲೋ ಮುದ್ರಣಾಲಯದಿಂದಲೋ ಅಂಥ ಕಡತ ಬಂದಾಗ ಬಳಕೆದಾರರು ದೂರಿದ್ದು ಲಿನಕ್ಸನ್ನು.

ಈಚಿನ ಬದಲಾವಣೆಯೂ ಇದೇ ಜಾಡಿನದು. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸಲು 1993ರಿಂದ ನಡೆದ ವೈನ್ ಯೋಜನೆಯ ದುಡಿಮೆಯನ್ನು ಆಧರಿಸಿ ವಾಲ್ವ್ ಕಂಪನಿ 2018ರಲ್ಲಿ ವಿಂಡೋಸ್ ಆಟಗಳನ್ನು ಓಡಿಸುವ ಪ್ರೋಟಾನ್ ಕೊಟ್ಟಿತು, 2022ರಲ್ಲಿ ಸ್ಟೀಮ್ ಡೆಕ್ ಎಂಬ ಲಿನಕ್ಸ್ ಆಟದ ಯಂತ್ರ ತಂದಿತು. ಆಟಗಳಿಗಾಗಿಯೇ ವಿಂಡೋಸ್ ಇಟ್ಟುಕೊಂಡಿದ್ದವರಿಗೆ ಆ ಕಾರಣ ಬಹುಮಟ್ಟಿಗೆ ಇಲ್ಲವಾಯಿತು. ಅಕ್ಟೋಬರ್ 2025ರಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ, ವಿಂಡೋಸ್ 11 ಒಪ್ಪದ ಯಂತ್ರಗಳಿಗೆ ಲಿನಕ್ಸ್ ಹಾಕಲು ಮುಂದಾದವರಿಗೆ ಅಳವಡಿಕೆ ಹೆಚ್ಚು ಕಾಡಲಿಲ್ಲ, ಏಕೆಂದರೆ ಅಷ್ಟು ಹಳೆಯ ಹಾರ್ಡ್‌ವೇರಿಗೆ ಬೇಕಾದ ಡ್ರೈವರುಗಳು ಆ ವೇಳೆಗೆ ಕರ್ನಲ್ಲಿನೊಳಗೇ ಇದ್ದವು. ಹೊಸ ಲ್ಯಾಪ್‌ಟಾಪ್ ಕೊಂಡವರನ್ನು ಮಾತ್ರ ಬೆರಳಚ್ಚು ಓದುವ ಸೆನ್ಸರ್‌ಗಳು ಮತ್ತು ಕೆಲವು ಮಾದರಿಗಳ ಕ್ಯಾಮೆರಾಗಳು ಇನ್ನೂ ಸತಾಯಿಸುತ್ತಿವೆ.