ಸಿಡುಬಿನ ಲಸಿಕೆ ಮತ್ತು ಜನತೆಯ ಹಿಂಜರಿಕೆ

ಲಸಿಕೆಯನ್ನು ಜನರು ನಿರಾಕರಿಸಿದುದು ಕೇವಲ ಅಜ್ಞಾನದಿಂದ ಎಂಬ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಬಂಗಾಳದಲ್ಲಿ ಸಿಡುಬಿನ ಗುಳ್ಳೆಯ ರಸವನ್ನೇ ಆರೋಗ್ಯವಂತರಿಗೆ ಹಾಕುವ ಟೀಕಾದಾರರ ಪದ್ಧತಿಯು, ಶೀತಲಾದೇವಿಯ ಪೂಜೆಯೊಡನೆ, ಮೊದಲೇ ರೂಢಿಯಲ್ಲಿದ್ದಿತು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ ಜೆನ್ನರನ ಲಸಿಕೆಯು ಫಲಿಸಿತು. ಅಲ್ಲಿಂದ ಮುಂದೆ ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸವನ್ನು ತೆಗೆದು ಮತ್ತೊಂದು ಮಗುವಿಗೆ ಹಾಕುತ್ತಿದ್ದರು. ಜಾತಿನಿಷ್ಠರಿಗೆ ಇದು ಮೈಲಿಗೆಯಾಗಿ ಕಂಡಿತು; ಬೇರೆ ರೋಗಗಳು ಅಂಟಬಹುದೆಂಬ ಭಯವೂ ನಿರಾಧಾರವಾಗಿರಲಿಲ್ಲ. ೧೮೮೦ರ ಕಾಯಿದೆಯು ಪಟ್ಟಣಗಳಲ್ಲಿ ಲಸಿಕೆಯನ್ನು ಕಡ್ಡಾಯಗೊಳಿಸಲು ಅವಕಾಶವಿತ್ತಿತು. ಆದರೆ ತೋಳಿನಿಂದ ತೋಳಿಗೆ ರೋಗವು ಅಂಟುವ ಭಯವನ್ನು ನೀಗಿಸಿದುದು ಕಾಯಿದೆಯಲ್ಲ, ಕರುವಿನಿಂದ ರಸವನ್ನು ಪಡೆಯುವ ವಿಧಾನ. ಆದುದರಿಂದ ಹಿಂಜರಿಕೆಯನ್ನು ಖಂಡಿಸುವ ಮೊದಲು ಅದರ ಕಾರಣವನ್ನು ವಿಚಾರಿಸುವುದು ಉಚಿತವೆಂದು ಭಾವಿಸುತ್ತೇವೆ.