ಬಿಳಿಗಿರಿಯ ಗಿಡುಗ ಮತ್ತು ಸೋಲಿಗರು

ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಒಮ್ಮೆ ತಲೆಯೆತ್ತಿ ನೋಡಿರಿ. ಹಾವು ಹಿಡಿಯುವ ಜುಟ್ಟಿನ ಗಿಡುಗ ಕೂಗುತ್ತಾ ಆಕಾಶದಲ್ಲಿ ಸುತ್ತುತ್ತಿರಬಹುದು. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದು 1939-40ರಲ್ಲಿ. ಅದಕ್ಕೂ ಬಹಳ ಹಿಂದೆಯೇ ಇಲ್ಲಿನ ಸೋಲಿಗರು ಹಕ್ಕಿ, ಜೇನು, ಮರಗಳನ್ನು ತಮ್ಮದೇ ಹೆಸರುಗಳಿಂದ ಗುರುತಿಸಿ ಬಲ್ಲವರಾಗಿದ್ದರು.

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಪ್ರಾಣಿಪಕ್ಷಿಗಳಿಗೆ ಕಾನೂನಿನ ರಕ್ಷಣೆ ದೊರೆಯಿತು, ನಿಜ. ಆದರೆ ಸೋಲಿಗರ ಬೇಟೆ, ಅಲೆಮಾರಿ ಬೇಸಾಯ, ತರಗೆಲೆಗೆ ಹಚ್ಚುತ್ತಿದ್ದ ಬೆಂಕಿ ಎಲ್ಲಕ್ಕೂ ತಡೆ ಬಿತ್ತು. ಅನೇಕರು ಹಳೆಯ ಪೋಡುಗಳನ್ನು ಬಿಡಬೇಕಾಯಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಪೊದೆ ಹಬ್ಬಿತೆಂದು ಹಿರಿಯರು ಹೇಳುತ್ತಾರೆ.

2011ರಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳೂ ದೊರೆತವು. ಕಾಡನ್ನು ಉಳಿಸಲು ಅದನ್ನು ಬಲ್ಲವರನ್ನು ಹೊರಗಿಡಬೇಕೇ? ಗಿಡುಗದ ಹೆಸರನ್ನು ಪುಸ್ತಕದಲ್ಲಿ ಹುಡುಕಿರಿ, ಸೋಲಿಗ ಹಿರಿಯರೊಬ್ಬರನ್ನೂ ಕೇಳಿರಿ. ಬಳಿಕ ನೀವೇ ಯೋಚಿಸಿರಿ.