ದಾಳದ ಜೂಜಿನಿಂದ ರಣರಂಗಕ್ಕೆ: ‘ಗೋ ಫಾರ್ ಬ್ರೋಕ್’

ಕೊನೆಯ ಓವರಿನಲ್ಲಿ ಔಟಾಗುವ ಭಯ ಬಿಟ್ಟು ಪ್ರತಿ ಚೆಂಡಿಗೂ ಬ್ಯಾಟು ಬೀಸುವ ಆಟಗಾರ, ಇದ್ದಬದ್ದ ಬಂಡವಾಳವನ್ನೆಲ್ಲ ಒಂದೇ ಉದ್ಯಮಕ್ಕೆ ಸುರಿಯುವ ವ್ಯಾಪಾರಿ - ಇಂಥವರನ್ನು ಕುರಿತು ಇಂಗ್ಲಿಷಿನಲ್ಲಿ ‘ಗೋ ಫಾರ್ ಬ್ರೋಕ್’ ಎನ್ನುತ್ತಾರೆ. ‘ಬ್ರೋಕ್’ ಎಂದರೆ ಆಡುಮಾತಿನಲ್ಲಿ ದಿವಾಳಿ, ಬರಿಗೈ. ಗೆದ್ದರೆ ಗೆದ್ದೆ, ಸೋತರೆ ಬೀದಿಪಾಲು ಎಂದು ಸರ್ವಸ್ವವನ್ನೂ ಪಣಕ್ಕೊಡ್ಡುವುದು ಇದರ ಅರ್ಥ. ಬರಿಯ ಕಷ್ಟದ ದುಡಿಮೆಗೆ ಈ ಮಾತು ಸಲ್ಲದು. ಕಳೆದುಕೊಳ್ಳುವ ಅಪಾಯವೂ ಅದರಲ್ಲಿರಬೇಕು.

ಈ ನುಡಿಗಟ್ಟಿಗೆ ಹೆಸರು ತಂದದ್ದು ಹವಾಯಿ ದ್ವೀಪಗಳು. ಅಲ್ಲಿನ ಕಬ್ಬಿನ ತೋಟಗಳಿಗೆ ಜಪಾನ್, ಚೀನ, ಫಿಲಿಪ್ಪೀನ್ಸ್, ಪೋರ್ಚುಗಲ್‌ಗಳಿಂದ ಬಂದ ಕೂಲಿಗಾರರ ನಡುವೆ ಒಂದು ಬೆರಕೆ ಇಂಗ್ಲಿಷ್ ಬೆಳೆದಿತ್ತು. ದಾಳದ ಜೂಜಿನಲ್ಲಿ ಕೈಯಲ್ಲಿದ್ದ ಹಣವನ್ನೆಲ್ಲ ಒಂದೇ ಎಸೆತಕ್ಕೆ ಕಟ್ಟುವುದಕ್ಕೆ ಆ ನುಡಿಯಲ್ಲಿ ‘ಗೋ ಫಾರ್ ಬ್ರೋಕ್’ ಎಂದು ಹೆಸರು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಜಪಾನೀ ಮೂಲದ ತರುಣರೂ ರಾತ್ರಿ ಬೆಳಗಾಗುವುದರೊಳಗೆ ಸಂಶಯಕ್ಕೆ ಗುರಿಯಾದರು. 1942ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯ ಫಲವಾಗಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜನ ಮನೆಮಠ ತೊರೆದು ಮುಳ್ಳುತಂತಿಯ ಶಿಬಿರಗಳನ್ನು ಸೇರಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ.

ಮರುವರ್ಷ ಸರಕಾರ ಜಪಾನೀ ಮೂಲದವರದೇ ಆದ 442ನೆಯ ರೆಜಿಮೆಂಟನ್ನು ಕಟ್ಟಲು ಹೊರಟಾಗ ಹವಾಯಿಯೊಂದರಿಂದಲೇ ಸುಮಾರು 10,000 ಮಂದಿ ಮುಂದೆ ಬಂದರು. ಶಿಬಿರಗಳಲ್ಲಿ ಬಂದಿಗಳಾಗಿದ್ದವರ ಮಕ್ಕಳೂ ಸೇರಿದರು. ದಳ ತನ್ನ ಧ್ಯೇಯವಾಕ್ಯವಾಗಿ ಆರಿಸಿಕೊಂಡದ್ದು ಜೂಜಿನ ಆ ಮಾತನ್ನೇ.

ತರಬೇತಿಯಲ್ಲಿ ಹವಾಯಿಯವರಿಗೂ ಮುಖ್ಯಭೂಮಿಯವರಿಗೂ ಹೊಡೆದಾಟವೇ ನಡೆಯುತ್ತಿತ್ತು. ಹವಾಯಿಯಲ್ಲಿ ಸಾಮೂಹಿಕ ಬಂಧನವಾಗಿರಲಿಲ್ಲ. ಹಾಗಾಗಿ ಅಲ್ಲಿಯ ಹುಡುಗರಿಗೆ ಮುಖ್ಯಭೂಮಿಯವರ ಬಿಗುಮಾನ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಅವರನ್ನು ಆರ್ಕನ್ಸಾದ ಶಿಬಿರವೊಂದಕ್ಕೆ ಕರೆದೊಯ್ದರು. ಕಾವಲುಗೋಪುರ, ಬಂದೂಕು, ತಂತಿಯಾಚೆ ತಮ್ಮವರಂಥದೇ ಸಂಸಾರಗಳು! ಇಂಥ ಮನೆಗಳಿಂದ ಬಂದೂ ಸೈನ್ಯ ಸೇರಿದವರ ಬಗ್ಗೆ ಅವರ ಭಾವನೆಯೇ ಬದಲಾಯಿತೆಂದು, ಮುಂದೆ ಸೆನೆಟರ್ ಆದ ಡೇನಿಯಲ್ ಇನೌಯೆ ನೆನೆಯುತ್ತಿದ್ದರು. ಇಟಲಿಯ ಕದನದಲ್ಲಿ ಬಲಗೈ ಕಳೆದುಕೊಂಡವರು ಅವರು.

1944ರ ಅಕ್ಟೋಬರಿನಲ್ಲಿ ಫ್ರಾನ್ಸಿನ ವೋಜ್ ಕಾಡಿನಲ್ಲಿ ಟೆಕ್ಸಸ್ ಮೂಲದ ತುಕಡಿಯೊಂದು ಜರ್ಮನರ ಮುತ್ತಿಗೆಗೆ ಸಿಕ್ಕಿತು. 442ನೆಯ ದಳ ಮರಮರಕ್ಕೂ ಕಾದಾಡಿ 211 ಮಂದಿಯನ್ನು ಬಿಡಿಸಿತು. ಆ ಕಾಳಗದಲ್ಲಿ ದಳದ ಸುಮಾರು 800 ಮಂದಿ ಸತ್ತರು ಇಲ್ಲವೇ ಗಾಯಗೊಂಡರು.

1951ರಲ್ಲಿ ಇದೇ ಹೆಸರಿನ ಚಲನಚಿತ್ರ ಬಂದ ಮೇಲೆ ಮಾತು ಮನೆಮಾತಾಯಿತು. ನ್ಯಾಯ ಮಾತ್ರ ತಡವಾಗಿ ಬಂತು. ಶಿಬಿರವಾಸಿಗಳಲ್ಲಿ ಬದುಕುಳಿದವರಿಗೆ ಕ್ಷಮಾಯಾಚನೆಯನ್ನೂ ತಲಾ 20,000 ಡಾಲರ್ ಪರಿಹಾರವನ್ನೂ ನೀಡುವ ಕಾನೂನು ಬಂದದ್ದು 1988ರಲ್ಲಿ.

ಜೂಜುಗಾರ ಪಣಕ್ಕಿಟ್ಟದ್ದು ಹಣ. ಈ ಸೈನಿಕರು ಪಣಕ್ಕಿಟ್ಟದ್ದು ಪ್ರಾಣ. ಅದೂ ತಮ್ಮ ತಂದೆತಾಯಿಗಳನ್ನು ಬಂದಿಗಳಾಗಿಟ್ಟಿದ್ದ ದೇಶಕ್ಕಾಗಿ.